ಗಿಡದ ಹೆಸರು ಹೇಳುವ ಮೊದಲು

ಮೂವತ್ತು ವರ್ಷ ನಾನು ಕನ್ನಡ ಮೇಷ್ಟ್ರಾಗಿದ್ದೆ. ಕಾವ್ಯಗಳ ವನವರ್ಣನೆಯನ್ನು ಪಾಠ ಮಾಡುವಾಗ ಅಶೋಕದ ಮಾತು ಬಂತೆಂದರೆ ತರಗತಿಯ ಕಿಟಕಿಯ ಕಡೆಗೆ ಕೈ ತೋರಿಸುವುದು ನನ್ನ ವಾಡಿಕೆಯಾಗಿತ್ತು. ಕಾಲೇಜಿನ ಕಾಂಪೌಂಡಿಗೆ ಒತ್ತಿಕೊಂಡು, ಕಂಬದ ಹಾಗೆ ನೆಟ್ಟಗೆ, ಎಲೆಗಳನ್ನು ಕೆಳಕ್ಕೆ ಇಳಿಬಿಟ್ಟು ನಿಂತ ಮರಗಳ ಸಾಲೊಂದು ಅಲ್ಲಿತ್ತು. "ನೋಡಿ, ಇದೇ ಅಶೋಕ. ಸುಂದರಿಯ ಪಾದ ತಾಗಿದರೆ ಹೂ ಬಿಡುತ್ತದೆಂದು ಕವಿಗಳು ಹೇಳುವ ಮರ" ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು, ಹುಡುಗಿಯರು ತಲೆ ತಗ್ಗಿಸುತ್ತಿದ್ದರು. ಆ ಮರ ಮಾತ್ರ ಮೂವತ್ತು ವರ್ಷಗಳಲ್ಲಿ ಒಂದು ದಿನವೂ ಕೆಂಪು ಹೂ ಬಿಡಲಿಲ್ಲ. ಯಾಕೆ ಬಿಡಲಿಲ್ಲವೆಂಬ ಪ್ರಶ್ನೆ ನನಗೂ ಬರಲಿಲ್ಲ, ನನ್ನ ವಿದ್ಯಾರ್ಥಿಗಳಿಗೂ ಬರಲಿಲ್ಲ. ಕಾವ್ಯದಲ್ಲಿ ಹೂ ಬಿಟ್ಟರೆ ಸಾಕೆಂದುಕೊಂಡಿದ್ದೆವೋ ಏನೋ.

ನಿವೃತ್ತನಾದ ಮೇಲೆ ಹೊತ್ತು ಕಳೆಯುವುದಕ್ಕೆಂದು ನಮ್ಮ ಸಾಗರದಲ್ಲಿ ಒಂದು ಭಾನುವಾರದ ಗುಂಪಿಗೆ ಸೇರಿಕೊಂಡೆ. ಆ ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಬೆಳಿಗ್ಗೆ ಏಳಕ್ಕೆ ಹೋಟೆಲೊಂದರಲ್ಲಿ ಕಾಫಿ ಕುಡಿದು, ಯಾವುದಾದರೂ ಕಾನಿನ ಅಂಚಿಗೋ ಕೆರೆಯ ಏರಿಗೋ ಹೋಗಿ, ಸಿಕ್ಕಿದ ಗಿಡದ ಮುಂದೆ ನಿಂತು ಇದೇನೆಂದು ಚರ್ಚೆ ಮಾಡುವುದು, ಇಷ್ಟೇ ಅದರ ಕಾರ್ಯಕ್ರಮ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರೊಬ್ಬರು, ವಿದ್ಯುತ್ ಸಾಮಾನಿನ ಅಂಗಡಿಯವರೊಬ್ಬರು, ಡ್ರಾಯಿಂಗ್ ಮೇಷ್ಟ್ರೊಬ್ಬರು, ಅಡುಗೆಯ ಸೊಪ್ಪುಗಳ ವಿಷಯದಲ್ಲಿ ಯಾರಿಗೂ ಸೋಲದ ಇಬ್ಬರು ಗೃಹಿಣಿಯರು: ಹೀಗೆ ಹತ್ತು ಹನ್ನೆರಡು ಜನ. ಇವರ ನಡುವೆ ಶಾಸ್ತ್ರವನ್ನು ಓದಿ ಬಲ್ಲವರು ಒಬ್ಬರೇ, ಸಸ್ಯಶಾಸ್ತ್ರದ ಪ್ರೊಫೆಸರರಾಗಿ ನಿವೃತ್ತರಾದವರು.

ಮೊದಲನೆಯ ಭಾನುವಾರವೇ ನನ್ನ ಅಶೋಕದ ಪಾಂಡಿತ್ಯ ಬಯಲಾಯಿತು. ದಾರಿಯಲ್ಲಿ ಯಾರದೋ ಮನೆಯ ಮುಂದೆ ಅದೇ ಮರವನ್ನು ಕಂಡು ನಾನು ಅದೇ ಮಾತನ್ನು ಆಡಿದೆ. ಪ್ರೊಫೆಸರರು ನಗಲಿಲ್ಲ. "ಮೇಷ್ಟ್ರೇ, ಒಂದು ಎಲೆ ಕಿತ್ತು ಕೊಡಿ" ಎಂದರು. ಕಿತ್ತು ಕೊಟ್ಟೆ. "ಒಂದು ತೊಟ್ಟಿಗೆ ಒಂದೇ ಎಲೆ, ಅಂಚು ಅಲೆ ಅಲೆ. ಇದು ಸೀತಾಫಲದ ವಂಶ. ನಿಮ್ಮ ಕವಿಗಳ ಅಶೋಕ ಹುಣಿಸೆಯ ನೆಂಟ. ಒಂದೇ ದಂಟಿಗೆ ಎರಡೂ ಕಡೆ ಜೋಡಿ ಜೋಡಿಯಾಗಿ ಎಲೆಗಳಿರುತ್ತವೆ. ಮುಂದಿನ ವಾರ ತೋರಿಸುತ್ತೇನೆ" ಎಂದರು. ಮುಂದಿನ ವಾರ ಒಂದು ಹಳೆಯ ದೇವಸ್ಥಾನದ ಹಿತ್ತಲಿಗೆ ಕರೆದುಕೊಂಡು ಹೋದರು. ಹರಡಿಕೊಂಡ ಮರ, ತಾಮ್ರದ ಬಣ್ಣದ ಎಳೆಯ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು, ಕೊಂಬೆಗಳಿಗೇ ಅಂಟಿಕೊಂಡು ಕಿತ್ತಳೆ ಬಣ್ಣದ ಹೂಗೊಂಚಲು, ಹಳೆಯವು ಕೆಂಪಿಗೆ ತಿರುಗಿದ್ದವು. ಆ ಹೂವಿಗೆ ದಳಗಳೇ ಇಲ್ಲವಂತೆ. ನಾವು ದಳವೆಂದು ತಿಳಿಯುವುದು ಬಣ್ಣ ತುಂಬಿಕೊಂಡ ಪುಷ್ಪಪಾತ್ರೆ. ಕಾಳಿದಾಸನ 'ಮಾಳವಿಕಾಗ್ನಿಮಿತ್ರ'ದಲ್ಲಿ ರಾಣಿ ಧಾರಿಣಿಯ ಕಾಲಿಗೆ ಪೆಟ್ಟಾಗಿ, ಅಶೋಕವನ್ನು ಪಾದದಿಂದ ತಾಡಿಸುವ ಕೆಲಸ ಮಾಳವಿಕೆಯ ಪಾಲಿಗೆ ಬರುತ್ತದೆ. ಆ ಅಂಕವನ್ನು ಎಷ್ಟು ಬಾರಿ ವಿವರಿಸಿದ್ದೆನೋ ನಾನು! ಮರವನ್ನು ನೋಡಿದ್ದು ಅಂದು.

ಇದನ್ನು ನಗೆಯ ಪ್ರಸಂಗವೆಂದು ಬಿಡಬಹುದಿತ್ತು. ಆದರೆ ಅಶೋಕದ ತೊಗಟೆ ಹೆಂಗಸರ ಕಾಯಿಲೆಗಳಿಗೆಂದು ಆಯುರ್ವೇದದಲ್ಲಿ ಬಳಕೆಯಾಗುವ ವಸ್ತು. ಪೇಟೆಯಲ್ಲಿ ಅದರ ಬದಲು ನನ್ನ ಕಾಂಪೌಂಡಿನ ಮರದ ತೊಗಟೆ ಸೇರಿಬರುವುದು ಆ ವ್ಯಾಪಾರ ಬಲ್ಲವರಿಗೆಲ್ಲ ತಿಳಿದ ಸಂಗತಿ. ನಿಜವಾದ ಅಶೋಕವಾದರೋ ಕಾಡಿನಲ್ಲಿ ಅಪರೂಪವಾಗುತ್ತ ಬಂದಿದೆ. ಒಂದು ಹೆಸರು ಒಂದು ಮರವನ್ನು ಬಿಟ್ಟು ಇನ್ನೊಂದಕ್ಕೆ ಹತ್ತಿಕೊಂಡರೆ ಔಷಧಿಯ ಸೀಸೆಯ ತನಕ ಅದರ ಪರಿಣಾಮ ಹೋಗುತ್ತದೆ.

ಆಮೇಲೆ ನಾನು ಶ್ರದ್ಧೆಯಿಂದ ಕಲಿಯತೊಡಗಿದೆ. ಪ್ರೊಫೆಸರರ ಪಾಠದಲ್ಲಿ ಹೂವಿಗೆ ಅಗ್ರಪೂಜೆಯಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇರುವುದರಿಂದ ದೂರದ ಊರುಗಳವರೂ ಅವರಿಗೆ ಚಿತ್ರ ಕಳಿಸಿ ಹೆಸರು ಕೇಳುತ್ತಾರೆ. ಹತ್ತರಲ್ಲಿ ಒಂಬತ್ತು ಬರಿಯ ಹೂವಿನ ಚಿತ್ರ. "ಮದುವೆ ಗಂಡಿನ ಪೇಟದ ಚಿತ್ರ ತೋರಿಸಿ ಇವನು ಯಾರ ಮಗನೆಂದು ಕೇಳಿದ ಹಾಗಾಯಿತು" ಎಂದು ಅವರ ಗೊಣಗಾಟ. ಎಲೆಗಳು ಎದುರುಬದುರಾಗಿವೆಯೋ ಒಂದರ ನಂತರ ಒಂದೋ, ಮುರಿದರೆ ಹಾಲು ಬರುತ್ತದೆಯೋ, ಹಿಸುಕಿದರೆ ವಾಸನೆ ಉಂಟೋ, ಕಾಂಡ ದುಂಡೋ ಚೌಕವೋ, ನೀರಿನ ಅಂಚೋ ಜಂಬಿಟ್ಟಿಗೆಯ ಬಯಲೋ: ಇವೆಲ್ಲ ತಿಳಿಯಬೇಕು. ಕೇಪಳದ ಗಿಡದ ಎದುರು ಅವರು ನಮ್ಮನ್ನು ಅರ್ಧ ಗಂಟೆ ನಿಲ್ಲಿಸಿದರು. ಎಲೆಗಳು ಎದುರುಬದುರು, ಎರಡು ತೊಟ್ಟುಗಳ ನಡುವೆ, ಕಾಂಡಕ್ಕೆ ಅಂಟಿಕೊಂಡಂತೆ, ಮೊನೆಯುಳ್ಳ ಒಂದು ಸಣ್ಣ ಹಾಳೆ. ಹೋಗಿ ಕಾಫಿ ಗಿಡವನ್ನು ನೋಡಿ, ಅಲ್ಲಿಯೂ ಅದೇ ಇದೆ. ಎರಡೂ ಒಂದೇ ವಂಶ. ಇಷ್ಟು ಕಾಲ ಕಾಫಿ ಕುಡಿದವನಿಗೆ, ಕೇಪಳದ ಹಣ್ಣು ತಿಂದು ಬೆಳೆದವನಿಗೆ, ಈ ನೆಂಟಸ್ತನ ತಿಳಿದಿರಲಿಲ್ಲ.

ಸ್ವಲ್ಪ ಕಲಿತವನಿಗೆ ಬರುವ ಧೈರ್ಯ ನನಗೂ ಬಂತು. ಎರಡನೆಯ ವರ್ಷದ ಹೊತ್ತಿಗೆ ಬೀದಿಯಲ್ಲಿ ಜನ ನನ್ನನ್ನೇ ನಿಲ್ಲಿಸಿ ಗಿಡದ ಹೆಸರು ಕೇಳುತ್ತಿದ್ದರು, ನಾನೂ ಹೇಳಿಬಿಡುತ್ತಿದ್ದೆ. ಆಗ ನಡೆದ ಒಂದು ಸಂಗತಿಯನ್ನು ಹೇಳದೆ ಈ ಭಾಷಣವನ್ನು ಮುಂದುವರಿಸುವುದು ಸರಿಯಲ್ಲ.

ಒಂದು ಭಾದ್ರಪದದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಳ್ಳಿಯಿಂದ ಫೋನ್ ಮಾಡಿದ. ಹಬ್ಬದ ಕುಶಲ ವಿಚಾರಿಸಿದ ಮೇಲೆ, "ಸರ್, ಗೌರಿ ಹೂವಿನ ಗಿಡ ವಿಷವಂತೆ, ಹೌದೇ? ಮನೆ ಬೇಲಿಯಲ್ಲಿ ಬೆಳೆದಿದೆ, ಮಕ್ಕಳು ಅದರಲ್ಲೇ ಆಡುತ್ತಾರೆ" ಎಂದು ಕೇಳಿದ. ನನ್ನ ಕಣ್ಣಿನ ಮುಂದೆ ನಮ್ಮ ತಾಯಿ ಅಂಗಳದಲ್ಲಿ ಬೆಳೆಸುತ್ತಿದ್ದ ಗೌರಿ ಹೂ ಬಂತು. ಕರ್ಣಕುಂಡಲವೆಂದೂ ಅದನ್ನು ಕರೆಯುತ್ತಾರೆ: ಮೃದು ಕಾಂಡದ ಗಿಡ, ಗುಲಾಬಿ ಬಿಳಿ ಹೂ, ಮುಟ್ಟಿದರೆ ಸಿಡಿಯುವ ಕಾಯಿ. ನನ್ನ ಅಕ್ಕಂದಿರು ಅದನ್ನು ಅರೆದು ಉಗುರಿಗೆ ಹಚ್ಚಿಕೊಳ್ಳುತ್ತಿದ್ದರು. "ಯಾರು ಹೇಳಿದ್ದು ನಿನಗೆ? ಧಾರಾಳವಾಗಿ ಆಡಲಿ" ಎಂದು ಹೇಳಿ ಫೋನ್ ಇಟ್ಟೆ.

ಮೂರು ದಿನ ಬಿಟ್ಟು ಭಾನುವಾರ. ಕಾಫಿ ಕುಡಿಯುತ್ತ ಇದನ್ನು ಹೇಳಿದೆ. ಹೇಳಿದ್ದರಲ್ಲಿ ಸ್ವಲ್ಪ ಜಂಬವೂ ಇತ್ತು. ಪ್ರೊಫೆಸರರು ಲೋಟವನ್ನು ಕೆಳಗಿಟ್ಟರು. "ಯಾವ ಗೌರಿ?" ಎಂದರು.

ಎರಡು ಗೌರಿ ಹೂಗಳಿವೆಯೆಂಬುದು ನನಗೆ ತಿಳಿಯದ್ದೇನಲ್ಲ. ಅದೇ ಹಬ್ಬದ ಕಾಲಕ್ಕೆ ಬೇಲಿಯ ಮೇಲೆ ಬೆಂಕಿಯ ನಾಲಗೆಯ ಹಾಗೆ ಕೆಂಪು ಹಳದಿ ದಳಗಳನ್ನು ಮೇಲಕ್ಕೆ ಚಾಚಿ ಅರಳುವ ಬಳ್ಳಿಗೂ ನಮ್ಮ ಮಲೆನಾಡಿನಲ್ಲಿ ಗೌರಿ ಹೂ ಎಂದೇ ಹೆಸರು. ಅಗ್ನಿಶಿಖೆ ಎಂದರೆ ಹೆಚ್ಚು ಜನಕ್ಕೆ ಗೊತ್ತಾದೀತು. ತಿಳಿದಿದ್ದರೂ ಕೇಳಿದ ಗಳಿಗೆಯಲ್ಲಿ ನೆನಪಾಗಿದ್ದು ಒಂದೇ. ಬೇಲಿ ಎಂದು ಅವನು ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಂಡಿರಲೇ ಇಲ್ಲ.

ಅಲ್ಲಿಂದಲೇ ಫೋನ್ ಮಾಡಿದೆವು. ಪ್ರೊಫೆಸರರು ಹೂವಿನ ವಿಷಯವನ್ನೇ ಕೇಳಲಿಲ್ಲ. "ಎಲೆಯ ತುದಿ ನೋಡಪ್ಪ. ಬಾಲದ ಹಾಗೆ ಸುರುಳಿ ಸುತ್ತಿಕೊಂಡು ಬೇಲಿಯನ್ನು ಹಿಡಿದುಕೊಂಡಿದೆಯೇ?" ಎಂದರು. ಹಿಡಿದುಕೊಂಡಿತ್ತು. "ಗೆಡ್ಡೆ ಅಗೆದಿದ್ದೀರಾ?" ಎಂಬುದು ಎರಡನೆಯ ಪ್ರಶ್ನೆ. ಬೇಲಿ ಸರಿಮಾಡುವಾಗ ಎರಡು ಮೂರು ಗೆಡ್ಡೆ ಎದ್ದಿದ್ದುವಂತೆ. ಮಕ್ಕಳು ಅಡುಗೆಯಾಟಕ್ಕೆ ತೆಗೆದುಕೊಂಡು, ಆಟ ಮುಗಿದ ಮೇಲೆ ಜಗಲಿಯಲ್ಲಿ ಬಿಟ್ಟಿದ್ದವು. ಅಜ್ಜಿ ಕಣ್ಣು ಮಂಜಾದವಳು, ಅದನ್ನು ಎತ್ತಿ ಗೆಣಸಿನ ಬುಟ್ಟಿಗೆ ಹಾಕಿದ್ದಳು. ಬುಟ್ಟಿ ಇನ್ನೂ ಒಲೆಯ ಹತ್ತಿರ ಹೋಗಿರಲಿಲ್ಲ.

ಅಗ್ನಿಶಿಖೆಯ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಬೇಯಿಸಿದರೆ ಹೋಗುವಂಥದ್ದಲ್ಲ. ವೈದ್ಯರು ಅಳೆದು ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಅದೇ ಔಷಧಿ. ಗೆಣಸೆಂದು ತಿಂದರೆ ಪ್ರಾಣಾಪಾಯ. ಶ್ರೀಲಂಕೆಯಲ್ಲಿ ಹಾಗೆ ತಪ್ಪಿ ತಿಂದು ಸತ್ತವರ ವಿಷಯ ವೈದ್ಯಗ್ರಂಥಗಳಲ್ಲಿ ದಾಖಲಾಗಿದೆ. ಸಂಸ್ಕೃತದಲ್ಲಿ ಈ ಗಿಡಕ್ಕೆ ಲಾಂಗಲಿ ಎಂದು ಹೆಸರು. ಲಾಂಗಲವೆಂದರೆ ನೇಗಿಲು, ಅದರ ಗೆಡ್ಡೆ ನೇಗಿಲಿನ ಹಾಗೆ ಕವಲಾಗಿ ಬಾಗಿರುತ್ತದೆ. ಹೆಸರಿಟ್ಟವರು ಗುರುತನ್ನು ಹೆಸರಿನಲ್ಲೇ ಇಟ್ಟಿದ್ದರು. ಅಮರಕೋಶವನ್ನು ಉರು ಹೊಡೆದಿದ್ದ ನಾನು ಆ ಪದವನ್ನೂ ಉರು ಹೊಡೆದಿದ್ದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರೊಫೆಸರರು ನನ್ನನ್ನು ಒಂದು ಮಾತೂ ಬೈಯದೆ ಬಿಟ್ಟದ್ದು ಇನ್ನೂ ಕಷ್ಟವಾಯಿತು. ಮುಂದಿನ ವಾರ ಅವರು ಹೇಳಿದ್ದು ಇಷ್ಟೇ: "ನನಗೂ ಗೊತ್ತಿಲ್ಲ ಎನ್ನುವುದನ್ನು ಕಲಿಯಲು ಇಪ್ಪತ್ತು ವರ್ಷ ಬೇಕಾಯಿತು, ಮೇಷ್ಟ್ರೇ. ಸಂಬಳ ತೆಗೆದುಕೊಂಡು ಪಾಠ ಹೇಳುವವನಿಗೆ ಆ ಮಾತು ಬೇಗ ಬಾಯಿಗೆ ಬರುವುದಿಲ್ಲ." ಅಂದಿನಿಂದ ಕಾಂಡ, ಎಲೆ, ಹೂ ಅಥವಾ ಕಾಯಿ, ಬೆಳೆದ ಸ್ಥಳ, ಇವನ್ನು ಕಾಣದೆ ಯಾರೂ ಹೆಸರು ಹೇಳಬಾರದೆಂಬ ಕಟ್ಟುಪಾಡು ನಮ್ಮಲ್ಲಿ ಬಂತು.

ಎಲ್ಲ ಗೊಂದಲಗಳೂ ಹೀಗೆ ಒಂದು ಕಡೆಗೆ ತೀರ್ಮಾನವಾಗುವುದಿಲ್ಲವೆಂಬುದನ್ನೂ ಹೇಳಬೇಕು. ಬ್ರಾಹ್ಮಿಯ ವಿಷಯದಲ್ಲಿ ನಮ್ಮ ಗುಂಪು ಎರಡು ಪಕ್ಷವಾಯಿತು. ನಮ್ಮ ಮನೆಗಳಲ್ಲಿ ಬ್ರಾಹ್ಮಿ ಎಂದರೆ ಒಂದೆಲಗ, ತಂಬುಳಿಗೆ ಹಾಕುವ ದುಂಡನೆಯ ಎಲೆ. ಕೇರಳದ ವೈದ್ಯರಿಗೆ ಬ್ರಾಹ್ಮಿ ಎಂದರೆ ನಾವು ನೀರುಬ್ರಾಹ್ಮಿ ಎನ್ನುವ, ಸಣ್ಣ ದಪ್ಪ ಎಲೆಗಳ ಬೇರೆಯೇ ಗಿಡ. ನಮ್ಮ ಒಂದೆಲಗವನ್ನು ಶಾಸ್ತ್ರದಲ್ಲಿ ಮಂಡೂಕಪರ್ಣಿ ಎಂದು ಗುರುತಿಸುವವರೇ ಹೆಚ್ಚು. ಗೃಹಿಣಿಯರಲ್ಲಿ ಹಿರಿಯರಾದವರು, "ಹಾಗಾದರೆ ನಮ್ಮ ಅತ್ತೆಯವರೆಲ್ಲ ತಪ್ಪು ಹೇಳಿದರೇ?" ಎಂದು ಕೇಳಿಯೇಬಿಟ್ಟರು. ಪ್ರೊಫೆಸರರು ಸೋತು, "ನಿಮ್ಮ ತಂಬುಳಿಯಲ್ಲಿ ಅದು ಬ್ರಾಹ್ಮಿಯೇ ಅಮ್ಮ. ಔಷಧಿಯಂಗಡಿಗೆ ಚೀಟಿ ಬರೆಯುವಾಗ ಮಾತ್ರ ಲ್ಯಾಟಿನ್ ಹೆಸರು ಬರೆಯಿರಿ" ಎಂದರು. ಲ್ಯಾಟಿನ್ ಹೆಸರುಗಳೂ ಸ್ಥಿರವೆಂದು ತಿಳಿಯಬೇಡಿ. ನನ್ನ ಕಾಂಪೌಂಡಿನ ಮರವನ್ನು ಪಾಲಿಯಾಲ್ಥಿಯಾ ಎಂದು ನಾನು ಕಷ್ಟಪಟ್ಟು ಬಾಯಿಪಾಠ ಮಾಡಿದ ಮೇಲೆ ಅದು ಈಗ ಮೊನೂನ್ ಆಗಿದೆಯೆಂದು ತಿಳಿಯಿತು. ಸರ್ಕಾರಿ ನೌಕರರ ವರ್ಗಾವಣೆಯ ಹಾಗೆ.

ಪಂಡಿತರೂ ಪಾಮರರೂ ಒಂದು ಗಿಡದ ಸುತ್ತ ಕುಳಿತು ಹೆಸರು ನಿಶ್ಚಯಿಸುವುದು ನಮ್ಮ ಕಾಲದ ಹೊಸ ಹವ್ಯಾಸವೇನಲ್ಲ. ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬಾತ ಮಲಬಾರಿನ ಸಸ್ಯಗಳ ಬಗ್ಗೆ ಹನ್ನೆರಡು ಸಂಪುಟಗಳ ಗ್ರಂಥ ಮಾಡಿಸಿದ; 'ಹೋರ್ಟುಸ್ ಮಲಬಾರಿಕುಸ್' ಎಂದು ಅದರ ಹೆಸರು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಏಳುನೂರಕ್ಕೂ ಮೀರಿದ ಸಸ್ಯಗಳ ವಿವರಣೆಯೂ ಚಿತ್ರಗಳೂ ಅದರಲ್ಲಿವೆ. ರೀಡ್ ಸಸ್ಯಶಾಸ್ತ್ರಜ್ಞನಲ್ಲ, ಸೈನಿಕ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆತನೂ ಹವ್ಯಾಸಿಯೇ. ಗಿಡಗಳನ್ನು ಬಲ್ಲವರು ಬೇರೆ ಇದ್ದರು. ಈಳವ ಜಾತಿಯ ವೈದ್ಯ ಇಟ್ಟಿ ಅಚ್ಯುತನ್. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರು. ನಾವೇ ಈ ಗಿಡಗಳ ಹೆಸರನ್ನೂ ಗುಣವನ್ನೂ ಹೇಳಿದೆವೆಂದು ಅವರು ಬರೆದುಕೊಟ್ಟ ಪ್ರಮಾಣಪತ್ರಗಳನ್ನು ರೀಡ್ ಮೊದಲ ಸಂಪುಟದಲ್ಲೇ ಅಚ್ಚು ಹಾಕಿಸಿದ. ಅಚ್ಯುತನದು ಮಲಯಾಳದ ಹಳೆಯ ಲಿಪಿಯಲ್ಲಿ, ಕೊಂಕಣಿಯವರದು ನಾಗರಿಯಲ್ಲಿ. ಬಂದರಿನಲ್ಲಿ ಮೆಣಸು ತೂಗುವ ಕಂಪನಿಯ ಅಧಿಕಾರಿಯೊಬ್ಬ ದೇಶೀಯ ವೈದ್ಯರ ಹೆಸರನ್ನು ಹೀಗೆ ಉಳಿಸಿಹೋದದ್ದು ಸಣ್ಣ ಮಾತಲ್ಲ. ಈ ಲ್ಯಾಟಿನ್ ಗ್ರಂಥವನ್ನು ಕೇರಳದ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲ್ ಅವರು ದಶಕಗಳ ಕಾಲ ದುಡಿದು ಇಂಗ್ಲಿಷಿಗೆ ತಂದರು. 2003ರಲ್ಲಿ ಅದು ಪ್ರಕಟವಾಯಿತು.

1753ರಲ್ಲಿ ಸ್ವೀಡನ್ನಿನ ಲಿನೇಯಸ್ ಜಗತ್ತಿನ ಗಿಡಗಳಿಗೆ ಎರಡು ಪದದ ಹೆಸರುಗಳನ್ನು ಕೊಟ್ಟಾಗ, ನಮ್ಮ ಕಡೆಯ ಎಷ್ಟೋ ಗಿಡಗಳನ್ನು ಆತ ಕಣ್ಣಿನಿಂದ ಕಂಡಿರಲಿಲ್ಲ. ರೀಡನ ಚಿತ್ರಗಳನ್ನು ಮುಂದಿಟ್ಟುಕೊಂಡು ಹೆಸರಿಸಿದ. ಚಿತ್ರ ನೋಡಿ ಹೆಸರು ಹೇಳುವ ಪದ್ಧತಿ ಅಷ್ಟು ಹಳೆಯದು! ಬಸಳೆಯ ಲ್ಯಾಟಿನ್ ಹೆಸರು ಬಸೆಲ್ಲಾ. ಅದು ಮಲಬಾರಿನ ಸ್ಥಳೀಯ ಹೆಸರಿನಿಂದ ಬಂದದ್ದೆಂದು ವಿದ್ವಾಂಸರು ಬರೆಯುತ್ತಾರೆ. ನಮ್ಮ ಕರಾವಳಿಯವರಿಗೆ ಇದನ್ನು ಬೇರೆ ಹೇಳಬೇಕೇ? ನಮ್ಮೂರಿಗೆ ದೂರವಲ್ಲದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಕಂಡ ಗೇರುಜಾತಿಯ ಮರವೊಂದಕ್ಕೆ 2000ದಲ್ಲಿ ಆ ಕಾನಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಲ್ಯಾಟಿನ್ನಿನ ನಡುವೆ ಕತ್ತಲೆಯೆಂಬ ಕನ್ನಡ ಪದವನ್ನು ಕಂಡಾಗ ನಾನು ಮಗುವಿನ ಹಾಗೆ ಹಿಗ್ಗಿದೆ.

ಕನ್ನಡದ ಓದುಗರಿಗೆ ಈ ಲೋಕದ ಬಾಗಿಲು ತೆರೆದವರು ಬಿ. ಜಿ. ಎಲ್. ಸ್ವಾಮಿಯವರು. ಅವರ 'ಹಸುರು ಹೊನ್ನು' 1976ರಲ್ಲಿ ಬಂತು, 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆಯಿತು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಆ ಕಥೆಗಳನ್ನು ಓದಿ ನಾವೆಲ್ಲ ನಕ್ಕೆವು. ನಕ್ಕು ಪುಸ್ತಕ ಮುಚ್ಚಿಟ್ಟು, ಹಿತ್ತಲಿನ ಗಿಡವನ್ನು ಹೋಗಿ ನೋಡಿದವರು ಎಷ್ಟು ಜನ? ನಾನಂತೂ ನೋಡಲಿಲ್ಲ. ಅದೇ 1976ರಲ್ಲಿ ಫಾದರ್ ಸಲ್ಡಾನ ಮತ್ತು ನಿಕೋಲ್ಸನ್ ಅವರ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ದೊಡ್ಡ ಗ್ರಂಥವೂ ಬಂತು. ನಮ್ಮ ಪ್ರೊಫೆಸರರು ಅದರ ಒಂದು ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ಜೋಳಿಗೆಯಲ್ಲಿ ಹೊತ್ತು ತರುತ್ತಾರೆ. ಮಳೆ ಬಂದರೆ ಅವರ ಕೊಡೆ ಮೊದಲು ಜೋಳಿಗೆಯ ಮೇಲೆ.

ಪುಸ್ತಕ ಹೊತ್ತವರು ಸೋತ ಒಂದು ದಿನವನ್ನೂ ಹೇಳಿಬಿಡುತ್ತೇನೆ. ಆಷಾಢದಲ್ಲಿ ಒಂದು ಹಳ್ಳಿಯ ಹೊರಗೆ ಪಾಚಿಗಟ್ಟಿದ ಬಂಡೆಯ ಸಂದಿನಲ್ಲಿ ಕೆಸುವಿನ ಎಲೆಗಳು ಎದ್ದಿದ್ದವು. ಪ್ರೊಫೆಸರರು ಮೇಲಿನಿಂದಲೇ ನೋಡಿ "ಮಾಮೂಲು ಕೆಸು" ಎಂದು ಮುಂದೆ ಹೆಜ್ಜೆ ಇಟ್ಟರು. ಸೊಪ್ಪು ಕುಯ್ಯಲು ಬಂದಿದ್ದ ಒಬ್ಬ ಮುದುಕಿ ಅಲ್ಲಿದ್ದಳು. "ಅಲ್ಲ ಅಯ್ಯಾ, ಇದು ಮರಕೆಸ" ಎಂದಳು. "ಮರಕೆಸು ಮರದ ಮೇಲಲ್ಲವೇ ಅಜ್ಜಿ, ಇದು ಬಂಡೆ" ಎಂದರು ಇವರು. ಅವಳು ಬಗ್ಗಿ ಎಲೆಗಳನ್ನು ಸರಿಸಿ, ಬುಡದಿಂದ ನೆಟ್ಟಗೆ ಎದ್ದಿದ್ದ ಒಂದು ಕಡ್ಡಿಯನ್ನು ತೋರಿಸಿದಳು. ಅದರ ತುಂಬ ಸಣ್ಣ ಸಣ್ಣ ಮರಿಗೆಡ್ಡೆಗಳು, ಒಂದೊಂದಕ್ಕೂ ಕೊಕ್ಕೆಯಂಥ ಮುಳ್ಳು. "ಮಾಮೂಲು ಕೆಸಕ್ಕೆ ಈ ಮರಿ ಇರೂದಿಲ್ಲ. ಇದು ಸೀರೆಗೆ ಹತ್ತಿಕೊಂಡು ಮನೇತನಕ ಬರ್ತದೆ" ಎಂದಳು. ಮಂಗನ ಮೈಗೋ ಹಕ್ಕಿಯ ಗರಿಗೋ ಅಂಟಿಕೊಂಡು ಮರವನ್ನು ಏರುವುದಕ್ಕೆ ಅದಕ್ಕಿರುವ ಉಪಾಯ ಆ ಕೊಕ್ಕೆ. ಬಂಡೆಗೆ ಬಿದ್ದರೆ ಬಂಡೆಯ ಮೇಲೂ ಬೆಳೆಯುತ್ತದೆ. ಇದೆಲ್ಲ ಪ್ರೊಫೆಸರರಿಗೆ ಪುಸ್ತಕದಿಂದ ಗೊತ್ತಿತ್ತು. ಬಗ್ಗಿ ನೋಡಿರಲಿಲ್ಲ, ಅಷ್ಟೇ.

ಅವರು ಅಲ್ಲಿಯೇ ಬಂಡೆಯ ಮೇಲೆ ಕುಳಿತು ನೋಟ್‌ಪುಸ್ತಕ ತೆಗೆದು ದಿನಾಂಕ, ಸ್ಥಳ, ಗಿಡದ ಹೆಸರು ಬರೆದರು. ಗುರುತಿಸಿದವರು ಎಂಬಲ್ಲಿ ಅಜ್ಜಿಯ ಹೆಸರನ್ನು ಕೇಳಿ ಬರೆದುಕೊಂಡರು. ಆ ಹೆಸರನ್ನು ಇಲ್ಲಿಯೂ ಹೇಳಬೇಕೆಂದು ನನಗೆ ಆಸೆಯಿತ್ತು. ಕೇಳುವುದಕ್ಕೆ ಹೋದಾಗ ಅವಳು, "ರೇಡಿಯೋದಲ್ಲಿ ನನ್ನ ಹೆಸರು ಯಾಕೆ, ಎಲ್ಲರೂ ಬಂದು ಕೆಸ ಕುಯ್ಕೊಂಡು ಹೋಗೂಕಾ?" ಎಂದು ಬಿಟ್ಟಳು. ಅವಳ ಮಾತಿನಲ್ಲಿ ನ್ಯಾಯವಿದೆ. ಅಚ್ಯುತನ್ ವೈದ್ಯನಿಗೆ ಪ್ರಮಾಣಪತ್ರ ಬರೆದುಕೊಡುವಾಗ ಇಂಥ ಯೋಚನೆ ಬಂದಿತ್ತೋ ಇಲ್ಲವೋ!

ಅಂದಿನಿಂದ ನಮ್ಮ ಗುಂಪಿನಲ್ಲಿ ಬಲ್ಲವರು, ಕಲಿಯುವವರು ಎಂಬ ಸಾಲುಗಳು ಸ್ವಲ್ಪ ಕಲಸಿಹೋದವು. ಪ್ರೊಫೆಸರರಿಗೆ ಸಾವಿರ ಗಿಡಗಳ ವಂಶಾವಳಿ ಗೊತ್ತು. ಆದರೆ ಒಂದೇ ಮರವನ್ನು ವರ್ಷದ ಮುನ್ನೂರ ಅರವತ್ತೈದು ದಿನ ನೋಡಲು ಅವರಿಂದಾಗದು. ವಿದ್ಯುತ್ ಅಂಗಡಿಯವರಿಗೆ ಆಗುತ್ತದೆ. ಅವರ ಮನೆಯಿಂದ ಅಂಗಡಿಗೆ ಬರುವ ದಾರಿಯಲ್ಲಿ, ಕೆರೆಯ ಕೋಡಿಯ ಹತ್ತಿರ, ಹಲಸಿನ ಮರಕ್ಕೆ ಹಬ್ಬಿದ ಒಂದು ಬಳ್ಳಿಯಿದೆ. ಎಲೆ ಎದುರುಬದುರು, ಮುರಿದರೆ ಹಾಲು. ಇಷ್ಟರಿಂದ ವಂಶದ ಊಹೆ ಮಾಡಬಹುದು, ಹೆಸರು ಹೇಳಲಾಗದು, ಹೂವನ್ನು ಕಾಣಬೇಕು. ಮೂರು ವರ್ಷಗಳಿಂದ ಅದು ಹೂ ಬಿಟ್ಟಿಲ್ಲ, ಅಥವಾ ಬಿಟ್ಟದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಅಂಗಡಿಯವರು ದಿನವೂ ಸ್ಕೂಟರ್ ನಿಲ್ಲಿಸಿ ತಲೆಯೆತ್ತಿ ನೋಡಿ ಬರುತ್ತಾರೆ.

ಕಳೆದ ತಿಂಗಳು ಬೆಳಿಗ್ಗೆ ಆರೂವರೆಗೆ ಅವರ ಫೋನ್ ಬಂತು. "ಮೇಷ್ಟ್ರೇ, ಮೊಗ್ಗು!" ಎಂದರು. ನಾನು ಪ್ರೊಫೆಸರರನ್ನು ಎಬ್ಬಿಸಿ ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಡ್ರಾಯಿಂಗ್ ಮೇಷ್ಟ್ರು ಆಗಲೇ ಬಂದು ಪೆನ್ಸಿಲ್ ಕೆತ್ತುತ್ತಿದ್ದರು. ದೋಟಿಯಿಂದ ಕೊಂಬೆಯನ್ನು ಬಗ್ಗಿಸಿದೆವು. ಪ್ರೊಫೆಸರರು ಕನ್ನಡಕ ಮೇಲೆ ಸರಿಸಿ, ಮಸೂರ ಹಿಡಿದು, ಬಹಳ ಹೊತ್ತು ನೋಡಿದರು. ಅದು ಮೊಗ್ಗಲ್ಲ, ಯಾವುದೋ ಕೀಟ ಎಲೆಯ ಬುಡದಲ್ಲಿ ಮೊಟ್ಟೆಯಿಟ್ಟು ಎಬ್ಬಿಸಿದ ಗಂಟು. ಅಂಗಡಿಯವರ ಮುಖ ಸಪ್ಪೆಯಾಯಿತು. ಪ್ರೊಫೆಸರರು ಆ ಗಂಟನ್ನು ಒಂದು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಇದು ಯಾವ ಕೀಟದ್ದೆಂದು ಬಲ್ಲವರು ಯಾರಿದ್ದಾರೆಂದು ಕೇಳತೊಡಗಿದರು.